ಐವತ್ತೆರಡು ಎಂದು ಬರೆದ ಚೀಟಿ

ಗೌರಿ, ಶರಣು — ನಿಮ್ಮ ಪ್ರಸಾದ್ ಸರ್ ಮ್ಯಾಚ್ ಮಾರಿಕೊಂಡವರಲ್ಲ. ಅವತ್ತು ಸುಳ್ಳು ಹೇಳಿದವಳು ನಾನು, ನಿಮ್ಮ ಆಯಿ, ನಿಮ್ಮ ಅಪ್ಪನ ಅವ್ವ. ಹನ್ನೊಂದು ವರ್ಷದ ಹಿಂದೆ, ಹಾಡುಹಗಲು, ನಾಲ್ಕು ಜನರೆದುರು ಒಂದೇ ಒಂದು ಸಂಖ್ಯೆ ಹೇಳಿ ಅವರ ಆಟವನ್ನು ಮುಗಿಸಿದೆ. ಆಮೇಲೆ ಆ ಸುಳ್ಳಿಗೆ ಸಹಿಯನ್ನೂ ಹಾಕಿದೆ.

ಇದನ್ನು ಬಾಯಿಂದ ಹೇಳಲು ನನಗೆ ಬರುವುದಿಲ್ಲ. ನಿಮಗೆ ಗೊತ್ತಲ್ಲ, ಮನೆಗೆ ಯಾರಾದರೂ ಬಂದರೆ ನಾನು ಒಳಗಿನ ಕೋಣೆಗೆ ಹೋಗಿಬಿಡುತ್ತೇನೆ. ಏಳನೆಯ ಇಯತ್ತೆಯವರೆಗೆ ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಭಾನುವಾರ ಹತ್ತು ಗಂಟೆಗೆ ನಮ್ಮ ಅಪಾರ್ಟ್‌ಮೆಂಟ್ ಸೊಸಾಯಿಟಿಯ ಕಮಿಟಿ ಕೂಡುತ್ತದೆ. ಪ್ರಸಾದರನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂದು ತೀರ್ಮಾನಿಸುತ್ತದೆ. ಅಷ್ಟರೊಳಗೆ ಇದು ಮುಗಿಯಬೇಕು.

ಸೋಮವಾರ ಊಟಕ್ಕೆ ಕೂತಾಗ ನಡೆದದ್ದು ನಿಮಗೆ ನೆನಪಿರಬಹುದು. ಗೌರಿ, ಮಕ್ಕಳಿಗೆ ಟೆನಿಸ್ ಕಲಿಸಲು ಹೊಸ ಸರ್ ಬಂದಿದ್ದಾರೆಂದು ನೀನು ಖುಷಿಯಿಂದ ಹೇಳುತ್ತಿದ್ದೆ.

"ಪಪ್ಪಾ, ಸರ್ ಸರ್ವ್ ಮಾಡೋದು ಕೆಳಗಿಂದನೇ. ಮ್ಯಾಲ ಕೈ ಎತ್ತಲಿಕ್ಕೆ ಬರಂಗಿಲ್ಲಂತ. ಆದ್ರೂ ಯಾರಿಗೂ ತಿರುಗಿ ಹೊಡಿಲಿಕ್ಕೆ ಆಗಲ್ಲ, ಗೊತ್ತೇನು!"

"ಏನ್ ಹೆಸರು?" ಎಂದ ನಿಮ್ಮ ಅಪ್ಪ, ನನ್ನ ಮಗ ಬಸವರಾಜ.

"ಪ್ರಸಾದ್ ಸರ್. ಅವರಪ್ಪಂದು ಸದಾಶಿವ ಪೇಠದಾಗ ಹೋಟೆಲ್ ಇತ್ತಂತ."

ಬಸವರಾಜ ತಾಟನ್ನು ಮುಂದಕ್ಕೆ ತಳ್ಳಿದ. "ನಾಳಿಂದ ನೀ ಹೋಗಂಗಿಲ್ಲ. ಮ್ಯಾಚ್ ಮಾರಿದವನ ಕೈಯಾಗ ನನ್ನ ಮಗಳು ಕಲಿಯಂಗಿಲ್ಲ. ನೀ ಅಷ್ಟೇ ಅಲ್ಲ, ಈ ಸೊಸಾಯಿಟ್ಯಾಗ ಯಾರೂ ಕಲಿಯಂಗಿಲ್ಲ."

ಶರಣು, ನೀನು ಕೇಳಿದೆ — "ಮ್ಯಾಚ್ ಎಲ್ಲಿ ಮಾರ್ತಾರ ಪಪ್ಪಾ, ಡಿ-ಮಾರ್ಟ್‌ನಾಗ?" ಗೌರಿ, ನೀನು ನಕ್ಕೆ. ನಾನು ಮಜ್ಜಿಗೆ ಹಾಕುತ್ತಿದ್ದೆ. ಆ ಕ್ಷಣದಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಮಜ್ಜಿಗೆ ಹಾಕಿದೆ, ಉಪ್ಪು ಬೇಕೇನು ಎಂದು ಕೇಳಿದೆ —

ಹೀಗೆಯೇ ಹನ್ನೊಂದು ವರ್ಷ.

ಮೊದಲಿಂದ ಹೇಳುತ್ತೇನೆ. ನಿಮ್ಮ ಮುತ್ಯಾ, ಅಂದರೆ ನನ್ನ ಗಂಡ, ಊರಿಂದ ಪುಣೆಗೆ ಬಂದದ್ದು ಟೆನಿಸ್ ಅಂಗಳ ಕಟ್ಟುವ ಗುತ್ತಿಗೆದಾರನ ಜೊತೆ ಮಣ್ಣು ಹೊರಲು. ಕಟ್ಟಡ ಮುಗಿದ ಮೇಲೆ ಉಳಿದವರೆಲ್ಲ ಬೇರೆ ಕಡೆ ಹೋದರು. ಇವರು ಅಲ್ಲೇ ನಿಂತರು. ಮೋರೆ ಕಾಕಾ ಎಂಬ ಹಿರಿಯರೊಬ್ಬರು ಆಟಗಾರರ ರಾಕೆಟ್ಟಿಗೆ ತಂತಿ ಕಟ್ಟುತ್ತಿದ್ದರು. ಅವರ ಕೈಕೆಳಗೆ ಆ ಕೆಲಸ ಕಲಿತರು. ನಾನು ಇವರಿಗೆ ಬುತ್ತಿ ಕೊಡಲು ಹೋಗಿ, ಕೂತು ನೋಡಿ, ನಾನೂ ಕಲಿತೆ. ಇವರು ತೀರಿಕೊಂಡ ಮೇಲೆ ಮೋರೆ ಕಾಕಾ ನನ್ನನ್ನೇ ಆ ಮೆಷಿನ್ನಿನ ಮುಂದೆ ಕೂರಿಸಿದರು. "ಕಾಕೂ, ತುಮ್ಹೀ ಬಸಾ," ಎಂದರು, ನೀವೇ ಕೂಡಿರಿ ಎಂದು.

ನನಗೆ ಹೇಳಿ ಮಾಡಿಸಿದ ಕೆಲಸ ಅದು. ಯಾರ ಜೊತೆಗೂ ಮಾತಾಡುವ ಹಾಗಿಲ್ಲ. ಗೋಡೆಯಲ್ಲಿ ಒಂದು ಕಿಟಕಿ. ಅದರಿಂದ ರಾಕೆಟ್ ಒಳಗೆ ಬರುತ್ತದೆ, ಯಾರದು, ಎಷ್ಟು ಪೌಂಡಿನ ಬಿಗಿ ಬೇಕು ಎಂದು ಹೇಳುತ್ತಾರೆ. ನಾನು ಅದನ್ನು ಚೀಟಿಯಲ್ಲಿ ಬರೆಯುತ್ತೇನೆ. ಅಷ್ಟಕ್ಕೇ ಮೆಷಿನ್ ತಿರುಗಿಸಿ ತಂತಿ ಎಳೆದು, ಗಂಟು ಹಾಕಿ, ಚೀಟಿಯನ್ನು ರಾಕೆಟ್ಟಿನ ಕುತ್ತಿಗೆಗೆ ಕಟ್ಟಿ ಮತ್ತೆ ಕಿಟಕಿಯಲ್ಲಿ ಇಡುತ್ತೇನೆ. ಚೀಟಿಯ ಕೆಳಗೆ ನನ್ನ ಹೆಸರಿನ ಒಂದು ಅಕ್ಷರ. ಆ ಅಕ್ಷರ ಇದ್ದರೆ ಯಾವ ಆಟಗಾರನೂ ಮತ್ತೆ ಕೇಳುವುದಿಲ್ಲ. ಅದರ ಮೇಲೆ ಅಷ್ಟು ನಂಬಿಕೆ.

ತಂತಿ ಬಿಗಿಯಾದಷ್ಟೂ ಚೆಂಡು ಹೇಳಿದ ಮಾತು ಕೇಳುತ್ತದೆ, ಆದರೆ ಕೈಗೆ ಪೆಟ್ಟು ಜಾಸ್ತಿ. ಸಡಿಲಾದರೆ ಕೈಗೆ ಹಗುರ, ಚೆಂಡು ಮಾತ್ರ ಅಂದಾಜು ತಪ್ಪಿ ದೂರ ಹೋಗುತ್ತದೆ. ಹೀಗಾಗಿ ಯಾರ ಮೊಣಕೈ ನೋಯುತ್ತಿದೆ, ಯಾರ ಭುಜ ಹಿಡಿದುಕೊಂಡಿದೆ ಎಂಬುದು ಡಾಕ್ಟರಿಗಿಂತ ಮೊದಲು ತಂತಿ ಕಟ್ಟುವವರಿಗೆ ಗೊತ್ತಾಗುತ್ತದೆ. ಒಬ್ಬ ಆಟಗಾರ ಇದ್ದಕ್ಕಿದ್ದಂತೆ ಬಿಗಿ ಇಳಿಸಲು ಹೇಳಿದರೆ ಮುತ್ಯಾ ಮೊದಲು ಅವನ ಮುಖ ನೋಡುತ್ತಿದ್ದರು, ಆಮೇಲೆ ಕೈ.

ನಿಮ್ಮ ಅಪ್ಪ ಮತ್ತು ಪ್ರಸಾದ ಆಗ ಡಬಲ್ಸ್ ಜೋಡಿ. ಪ್ರಸಾದ ಮಂಗಳೂರು ಕಡೆಯ ಹುಡುಗ. ಇಬ್ಬರನ್ನೂ ಎಲ್ಲರೂ 'ಇಡ್ಲಿ-ರೊಟ್ಟಿ' ಎಂದೇ ಕರೆಯುತ್ತಿದ್ದರು. "ಏ ಇಡ್ಲಿ, ಮುಂದ ಬಾರೋ, ಹಿಂದ ನಿಂತು ಹಬೀಲೆ ಬೇಯ್ತಿ ಏನು?" ಎಂದು ಇವನು ಕೂಗುವುದು. "ನೀನು ಸುಮ್ಮನೆ ಸರ್ವ್ ಹಾಕು ಮಾರಾಯ, ರೊಟ್ಟಿ ತಟ್ಟಿದ ಹಾಗೆ ತಟ್ಟಬೇಡ," ಎಂದು ಅವನು. ನನ್ನನ್ನು ಪ್ರಸಾದ 'ಅಮ್ಮ' ಎನ್ನುತ್ತಿದ್ದ. ತಾಯಿಯಿಲ್ಲದ ಹುಡುಗ.

ಡಬಲ್ಸ್ ಅಂದರೆ ಒಂದು ವಿಚಿತ್ರ ಸಂಸಾರ. ಒಬ್ಬನಿಗೆ ಆಗದಿದ್ದರೆ ಇಬ್ಬರೂ ಹೊರಗೆ. ಅದರ ಹಿಂದಿನ ವರ್ಷ ಬೇರೊಂದು ಊರಿನಲ್ಲಿ ಪ್ರಸಾದನ ಪಾದ ಉಳುಕಿತ್ತು. ಅವನು ಆಡುತ್ತೇನೆ ಎಂದರೂ ನಿಮ್ಮ ಅಪ್ಪ ಕೇಳಲಿಲ್ಲ. ತಾನೇ ಹೋಗಿ ಎದುರಿನವರ ಕೈ ಕುಲುಕಿ ಮ್ಯಾಚ್ ಬಿಟ್ಟುಕೊಟ್ಟು ಬಂದಿದ್ದ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ — ಹೇಳಿದ್ದರೆ ಅವನು ಏನು ಮಾಡುತ್ತಿದ್ದ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಆ ವರ್ಷ ಪುಣೆಯ ಟೂರ್ನಮೆಂಟಿನಲ್ಲಿ ಇಬ್ಬರೂ ಎರಡು ಮ್ಯಾಚ್ ಗೆದ್ದರು. ಪರದೇಶದವರನ್ನು ಸೋಲಿಸಿ. ಮೂರನೆಯದನ್ನೂ ಗೆದ್ದರೆ ಸೆಮಿಫೈನಲ್. ಅದು ನಡುವಿನ ದೊಡ್ಡ ಅಂಗಳದಲ್ಲಿ, ನಿಮ್ಮ ಮುತ್ಯಾ ಮಣ್ಣು ಹೊತ್ತ ಅಂಗಳ. ಅಲ್ಲಿ ಗೆದ್ದ ಜೋಡಿಗೆ ಹೊರದೇಶದ ಟೂರ್ನಮೆಂಟುಗಳ ಬಾಗಿಲು ತಾನಾಗಿಯೇ ತೆರೆಯುತ್ತದೆ ಎಂದು ಬಸವರಾಜ ಹೇಳಿದ್ದ. ನನಗೆ ಅದೊಂದು ಹುಚ್ಚೇ ಹಿಡಿದಿತ್ತು.

ಆ ಮೂರನೆಯ ಮ್ಯಾಚಿನ ದಿನ, ಗುರುವಾರ ಬೆಳಿಗ್ಗೆ, ಪ್ರಸಾದ ಒಬ್ಬನೇ ಕಿಟಕಿಗೆ ಬಂದ. ಮೋರೆ ಕಾಕಾ ಚಹಾಕ್ಕೆ ಹೋಗಿದ್ದರು. ರಾಕೆಟ್ಟನ್ನು ಎಡಗೈಯಿಂದ ಒಳಗಿಟ್ಟ. ಅವನದು ಬಲಗೈ ಆಟ.

"ಅಮ್ಮ, ಇವತ್ತು ನಲವತ್ತಾರಕ್ಕೆ ಕಟ್ಟಿ."

ಯಾವಾಗಲೂ ಐವತ್ತೆರಡು ಅವನದು. ನಾನು ಮುಖ ನೋಡಿದೆ. "ಭುಜ ಏನೋ?"

"ಎಂಥದ್ದೂ ಇಲ್ಲ. ಮೇಲೆ ಎತ್ತಿದರೆ ಮಾತ್ರ ಚೂರಿ ಹಾಕಿದ ಹಾಗೆ ಆಗ್ತದೆ. ನಿನ್ನೆ ಕೊನೆಗೆ ಶುರುವಾದದ್ದು." ಎಡಗೈಯಿಂದ ಬಲಭುಜ ಹಿಡಿದುಕೊಂಡ. "ಬಸುವಿಗೆ ಹೇಳಬೇಕು ಅಂತ ಉಂಟು. ಈಗಲೇ ಹೋಗಿ ಹೇಳಲಾ ಅಮ್ಮ? ನೀವು ಹೇಳಿದ ಹಾಗೆ ಮಾಡ್ತೇನೆ."

ಇಷ್ಟು. ಇಷ್ಟೇ ಆಗಿದ್ದು. ಅವನು ತೀರ್ಮಾನವನ್ನು ನನ್ನ ಕೈಯಲ್ಲಿಟ್ಟ — ತಾಯಿ ಎಂದುಕೊಂಡು. ನಾನು ಯಾರ ತಾಯಿಯಾಗಿ ಉತ್ತರ ಕೊಟ್ಟೆ ಅಂದರೆ —

"ಹೇಳಬ್ಯಾಡ. ಒಂದು ದಿನದ ಮಾತು. ಆಡು," ಎಂದೆ.

ಅವನು ತಲೆಯಾಡಿಸಿ ಹೋದ. ನಾನು ಮೆಷಿನ್ನನ್ನು ನಲವತ್ತಾರಕ್ಕೆ ತಿರುಗಿಸಿದೆ. ತಂತಿ ಕಟ್ಟಿದೆ. ಚೀಟಿ ಬರೆಯುವಾಗ ಕೈ ನಿಂತಿತು. ಬಸವರಾಜನಿಗೆ ಒಂದು ಅಭ್ಯಾಸ — ಅಂಗಳಕ್ಕೆ ಇಳಿಯುವ ಮುಂಚೆ ತನ್ನದರ ಜೊತೆ ಜೋಡಿಯವನ ರಾಕೆಟ್ಟಿನ ಚೀಟಿಯನ್ನೂ ಓದುವುದು. ನಲವತ್ತಾರು ಎಂದಿದ್ದರೆ ಅವನಿಗೆ ತಕ್ಷಣ ಅರ್ಥವಾಗುತ್ತಿತ್ತು. ಅವನೂ ಮುತ್ಯಾನ ಮಗನೇ. ಪ್ರಸಾದ ಚೀಟಿಯ ಬಗ್ಗೆ ಏನೂ ಕೇಳಿರಲಿಲ್ಲ. ನಾನಾಗಿಯೇ ಐವತ್ತೆರಡು ಎಂದು ಬರೆದೆ. ಕೆಳಗೆ ನನ್ನ ಅಕ್ಷರ ಹಾಕಿದೆ.

ಮಧ್ಯಾಹ್ನದ ಮ್ಯಾಚನ್ನು ಹಿಂಬದಿಯ ಜಾಲರಿಯ ಹೊರಗೆ ನಿಂತು ನೋಡಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು. ಮೊದಲ ಸೆಟ್ ನಮ್ಮದು. ಎರಡನೆಯದು ಹೋಯಿತು. ಪ್ರಸಾದನ ಚೆಂಡುಗಳು ಒಂದೊಂದಾಗಿ ಗೆರೆ ದಾಟಿ ಹೊರಗೆ ಬೀಳುತ್ತಿದ್ದವು. ನಿಮ್ಮ ಅಪ್ಪ ಪ್ರತಿ ಸಲ ತಿರುಗಿ ಅವನ ಮುಖ ನೋಡುವನು, ಅವನು ಮುಖ ತಪ್ಪಿಸುವನು. ಡಬಲ್ಸಿನಲ್ಲಿ ಮೂರನೆಯ ಸೆಟ್ ಇಲ್ಲ. ಹತ್ತು ಪಾಯಿಂಟಿನ ಟೈ-ಬ್ರೇಕ್ ಒಂದೇ. ಎರಡು ಪಾಯಿಂಟಿನ ಅಂತರದಿಂದ ಯಾರು ಮೊದಲು ಹತ್ತು ಮುಟ್ಟುತ್ತಾರೋ ಅವರು ಗೆದ್ದ ಹಾಗೆ.

ಎಂಟು-ಏಳು. ನಾವು ಮುಂದೆ. ಎರಡು ಸರ್ವ್ ಪ್ರಸಾದನದು, ಒಂದೊಂದಕ್ಕೂ ಎರಡು ಅವಕಾಶ.

ಮೊದಲನೆಯದು ಜಾಲಕ್ಕೆ ಬಿತ್ತು. ಮತ್ತೊಂದು ಹೊಡೆದ, ಅದೂ ಜಾಲಕ್ಕೆ. ಎಂಟು-ಎಂಟು. ಅವನು ಚೆಂಡನ್ನು ಮೇಲೆ ಎಸೆದು ಹಿಡಿದ, ಮತ್ತೆ ಎಸೆದು ಹಿಡಿದ. ಕೈ ಏಳುತ್ತಿರಲಿಲ್ಲ. ಅದು ನನಗೊಬ್ಬಳಿಗೇ ಕಾಣುತ್ತಿತ್ತು. ನೋಡುತ್ತಿದ್ದವರಿಗೆ ಬೇಕೆಂದೇ ಸಮಯ ಕಳೆಯುವ ಹಾಗೆ ಕಂಡಿರಬೇಕು. ಮತ್ತೆ ಎರಡೂ ಹೋದವು. ಎಂಟು-ಒಂಬತ್ತು. ಕೊನೆಯದು ಜಾಲದ ಹತ್ತಿರ ಕೈಗೆ ಬಂದ ಸುಲಭದ ಚೆಂಡು. ಮಗು ಕೂಡ ಒಳಗೆ ಹಾಕಬಹುದಾದದ್ದು. ಪ್ರಸಾದ ಮುಟ್ಟಿದ. ಸಡಿಲ ತಂತಿ — ಅದು ಹಾರಿ ಹಿಂದಿನ ಗೆರೆಯ ಆಚೆ ಬಿತ್ತು.

ನಾನು ಓಡಿ ಬಂದು ಕೋಣೆ ಸೇರಿಕೊಂಡೆ. ಐದು ನಿಮಿಷಕ್ಕೆ ಇಬ್ಬರೂ ಕಿಟಕಿಯ ಹತ್ತಿರ. ಹಿಂದೆ ಇನ್ನಿಬ್ಬರು ಆಟಗಾರರು. ಮೋರೆ ಕಾಕಾ ನನ್ನ ಪಕ್ಕದಲ್ಲಿ.

"ಹೇಳು, ಹೊರಗ ಯಾಕ ಹೋದವು?" ಬಸವರಾಜ ಕೂಗುತ್ತಿದ್ದ. "ಒಂದಲ್ಲ ಎರಡಲ್ಲ. ಎಲ್ಲಾನೂ!"

ಪ್ರಸಾದ ನೆಲ ನೋಡುತ್ತ ಹೇಳಿದ, "ತಂತಿ ಸಡಿಲ ಆಗಿತ್ತು ಮಾರಾಯ."

ಬಸವರಾಜ ರಾಕೆಟ್ ಕಿತ್ತುಕೊಂಡು ಚೀಟಿ ತಿರುಗಿಸಿ ತೋರಿಸಿದ. "ಐವತ್ತೆರಡು ಅದ! ಕಣ್ಣಿಲ್ಲೇನ್ ನಿನಗ?" ಆಮೇಲೆ ನನ್ನ ಕಡೆ ತಿರುಗಿದ. "ಅವ್ವಾ, ಎಷ್ಟಕ್ಕ ಕಟ್ಟಿದಿ? ನೀನ ಹೇಳು."

ಎಲ್ಲರೂ ನನ್ನನ್ನು ನೋಡಿದರು. ನನ್ನನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದು ನನ್ನ ಮದುವೆಯಲ್ಲಿ ಮಾತ್ರ. ಪ್ರಸಾದನೂ ನೋಡಿದ. ಅವನ ಕಣ್ಣಿನಲ್ಲಿ ಏನೂ ಕೇಳಿಕೆ ಇರಲಿಲ್ಲ, ಸುಮ್ಮನೆ ಕಾಯುತ್ತಿದ್ದ. ನಲವತ್ತಾರು ಎಂದರೆ ಚೀಟಿ ಸುಳ್ಳಾಗುತ್ತದೆ. ಚೀಟಿ ಸುಳ್ಳಾದರೆ ಮೋರೆ ಕಾಕಾ ಮುಂದೆ, ಮಗನ ಮುಂದೆ —

"ಐವತ್ತೆರಡು," ಎಂದೆ.

ಬಸವರಾಜನ ದನಿ ಒಮ್ಮೆಲೇ ತಣ್ಣಗಾಯಿತು. ಅದು ಕೂಗಾಟಕ್ಕಿಂತ ಭಯವಾಗಿತ್ತು. "ಕಾಕಾ, ಮಾಪಾ ಹೇ," ಎಂದ, ಅಳೆಯಿರಿ ಇದನ್ನು ಎಂದು. ಬಿಗಿ ಅಳೆಯುವ ಚಿಕ್ಕ ಯಂತ್ರವೊಂದು ನಮ್ಮಲ್ಲಿತ್ತು. ಮೋರೆ ಕಾಕಾ ಅದನ್ನು ತೆಗೆಯಲು ಡಬ್ಬಿಗೆ ಕೈ ಹಾಕಿದರು. ಇನ್ನು ಒಂದು ನಿಮಿಷ, ಎಲ್ಲ ಹೊರಗೆ ಬರುತ್ತದೆ.

ಆಗ ಪ್ರಸಾದ ಎಡಗೈಯನ್ನು ಕಿಟಕಿಯೊಳಗೆ ಚಾಚಿ ನನ್ನ ಮುಂದಿದ್ದ ಕತ್ತರಿ ತೆಗೆದುಕೊಂಡ. ಬಸವರಾಜನ ಕೈಯಿಂದ ರಾಕೆಟ್ ಎಳೆದುಕೊಂಡು ತಂತಿಯ ನಡುವೆ ಕತ್ತರಿ ಹಾಕಿದ. ಟಪ್ ಎಂದಿತು. ಇನ್ನೊಂದು, ಮತ್ತೊಂದು. ಕತ್ತರಿಸಿದ ತಂತಿಯನ್ನು ಯಾರೂ ಅಳೆಯಲಾರರು.

ನನಗಾಗಿ ಮಾಡಿದ. ನೋಡಿದವರಿಗೆ ಬೇರೆಯೇ ಕಂಡಿತು.

ಯಾರೋ ದೂರು ಕೊಟ್ಟರು. ಮರುದಿನ ವಿಚಾರಣೆಗೆ ಒಬ್ಬ ಸಾಹೇಬರು ಬಂದರು. ಎರಡು ಸರ್ವ್ ಕಳೆದದ್ದು, ಸುಲಭದ ಚೆಂಡು ಹೊರಗೆ ಹೋದದ್ದು, ತಂತಿಯ ಸುಳ್ಳು ನೆಪ, ಕತ್ತರಿ — ಎಲ್ಲ ಸೇರಿ, ದುಡ್ಡಿಗಾಗಿ ಬೇಕೆಂದೇ ಸೋತ ಎಂಬ ಒಂದು ಕಥೆಯಾಗಿತ್ತು. ನನ್ನನ್ನು ಕರೆಸಿ, "ಚೀಟಿಯಲ್ಲಿ ಬರೆದದ್ದು ನಿಜವೇ?" ಎಂದು ಮರಾಠಿಯಲ್ಲಿ ಕೇಳಿದರು. "ಹೋಯ್," ಎಂದೆ, ಹೌದು ಎಂದು. ಸಹಿ ಮಾಡಿ ಎಂದರು. ಮಾಡಿದೆ. ಭುಜದ ನೋವನ್ನು ಪ್ರಸಾದ ಹೇಳಿದನಂತೆ. ಮೊದಲು ಯಾರಿಗಾದರೂ ತಿಳಿಸಿದ್ದಿರಾ ಎಂದು ಕೇಳಿದಾಗ, ಇಲ್ಲ, ಯಾರಿಗೂ ಇಲ್ಲ ಎಂದನಂತೆ.

ಏನೂ ಸಾಬೀತಾಗಲಿಲ್ಲ. ಶಿಕ್ಷೆಯೂ ಆಗಲಿಲ್ಲ. ಇದನ್ನೇ ನಾನು ಬಹಳ ದಿನ ಸಮಾಧಾನವಾಗಿ ಹಿಡಿದುಕೊಂಡೆ. ಆದರೆ ಡಬಲ್ಸಿಗೆ ಹೆಸರು ಕೊಡಲು ಇಬ್ಬರು ಬೇಕು. ಪ್ರಸಾದನ ಪಕ್ಕದಲ್ಲಿ ತನ್ನ ಹೆಸರು ಬರೆಯಲು ಯಾರೂ ಮುಂದೆ ಬರಲಿಲ್ಲ. ಭುಜಕ್ಕೆ ಆಪರೇಷನ್ ಮಾಡಿಸಿಕೊಂಡು ಕಾದನಂತೆ. ಸುಮಾರು ಒಂದು ವರ್ಷ ಊರೂರು ತಿರುಗಿ, ಯಾರಾದರೂ ಜೋಡಿಯಿಲ್ಲದವನು ಸಿಗಬಹುದೆಂದು ಕಾದನಂತೆ. ಆಮೇಲೆ ಅಪ್ಪನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಅಪ್ಪ ಹೋದರು, ಹೋಟೆಲೂ ಹೋಯಿತು. ನಿಮ್ಮ ಅಪ್ಪನಿಗೆ ಬೇರೆ ಜೋಡಿ ಸಿಕ್ಕಿತು. ನಾಲ್ಕು ವರ್ಷ ಆಡಿದ, ದೇಶ ನೋಡಿದ, ಈಗ ದೊಡ್ಡ ಶಾಲೆಯಲ್ಲಿ ಟೆನಿಸ್ ಮಾಸ್ತರ. ಹಾಲಿನ ಗೋಡೆಯ ಮೇಲಿನ ಅವನ ಫೋಟೋಗಳ ಧೂಳು ನಾನೇ ಒರೆಸುತ್ತೇನೆ.

ಮೊನ್ನೆ ಗುರುವಾರ ನೀವು ಶಾಲೆಗೆ ಹೋದ ಮೇಲೆ ನಾನು ಹಡಪಸರದಿಂದ ಬಸ್ ಹಿಡಿದು ಕಾತ್ರಜಕ್ಕೆ ಹೋದೆ. ವಿಳಾಸವನ್ನು ಸೊಸಾಯಿಟಿಯ ವಾಚ್‌ಮನ್ ಕೊಟ್ಟ. ಪ್ರಸಾದ ಬಾಗಿಲು ತೆರೆದ. ಕೂದಲು ಅರ್ಧ ಬೆಳ್ಳಗಾಗಿದೆ. ಗುರುತು ಹಿಡಿದು, ಕುರ್ಚಿ ಕೊಟ್ಟು, ಚಹಾ ಮಾಡಿದ. ಸಕ್ಕರೆಯ ಡಬ್ಬಿ ಮೇಲಿನ ಹಲಗೆಯಲ್ಲಿತ್ತು. ಎಡಗೈಯಿಂದ ತೆಗೆದ.

ನಾನು ಹೇಳಬೇಕೆಂದುಕೊಂಡು ಹೋದದ್ದು ಒಂದೂ ಬಾಯಿಗೆ ಬರಲಿಲ್ಲ. ಕೊನೆಗೆ, "ಅವತ್ತ ಯಾಕಪ್ಪ ಕತ್ತರಸಿದಿ? ಅಳೆಯಲಿಕ್ಕೆ ಬಿಟ್ಟಿದ್ರ —" ಎಂದೆ.

"ಅಳೆದಿದ್ದರೆ ನಿಮ್ಮನ್ನು ಆ ಕಿಟಕಿಯಿಂದ ಎಬ್ಬಿಸ್ತಿದ್ದರು. ಬಸು ನಿಮ್ಮ ಜೊತೆ ಮಾತು ಬಿಡ್ತಿದ್ದ." ಚಹಾ ಮುಂದಿಟ್ಟ. "ನೀವೇ ಹೇಳ್ತೀರಿ ಅಂದುಕೊಂಡೆ ಅಮ್ಮ. ಒಂದೆರಡು ದಿನ ಬಿಟ್ಟು, ಬಿಸಿ ಇಳಿದ ಮೇಲೆ."

"ಹೌದಪ್ಪ."

"ಮೊದಲನೇ ವರ್ಷ ಕಾದೆ. ಬಾಗಿಲು ಬಡಿದರೆ ನೀವೇ ಅಂದುಕೊಳ್ತಿದ್ದೆ. ಆಮೇಲೆ ಕಾಯುವುದು ಬಿಟ್ಟೆ."

ಬೈಯಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಲು ಯಾವ ಮುಖ? ಕಮಿಟಿಯ ಮಾತು ತೆಗೆದಾಗ, "ಮಕ್ಕಳು ಒಳ್ಳೆಯವರು, ಅದರಲ್ಲೂ ಗೌರಿಗೆ ಕೈ ಉಂಟು. ಕಳಿಸಿದರೆ ಬೇಜಾರಾಗ್ತದೆ," ಎಂದ. ಗೌರಿ, ನೀನು ಯಾರ ಮಗಳೆಂದು ಮೊದಲ ದಿನವೇ ಅವನಿಗೆ ಗೊತ್ತಿತ್ತಂತೆ.

ಇಂದು ಬೆಳಿಗ್ಗೆ ನಿಮ್ಮ ಅಪ್ಪನಿಗೆ ಹೇಳಿದೆ. ಅಡುಗೆಮನೆಯಲ್ಲಿ, ನಿಂತುಕೊಂಡೇ. ಎಲ್ಲ ಮುಗಿದ ಮೇಲೆ ಒಂದೇ ಕೇಳಿದ.

"ಐವತ್ತೆರಡು ಅಂತ ಅಂವ ಬರಿ ಅಂದಿದ್ದನೇನು?"

"ಇಲ್ಲ. ನಾನ ಬರದೆ."

"ನಾ ಅವಗ ಏನೇನು ಅಂದೀನಿ ಗೊತ್ತೇನ್ ಅವ್ವಾ? ಎಲ್ಲಾರ ಮುಂದ? ಅವರಪ್ಪನ ಮಣ್ಣಿಗೂ ಹೋಗಲಿಲ್ಲ ನಾ." "ದಿನಾ ನನ್ನ ತಾಟಿಗೆ ರೊಟ್ಟಿ ಹಾಕಿದಿ. ಒಂದು ದಿನಾನೂ —"

ಅಷ್ಟಕ್ಕೇ ನಿಲ್ಲಿಸಿ ಕೆಳಗೆ ಹೋದ. ಬಾಲ್ಕನಿಯಿಂದ ನೋಡಿದೆ. ಸ್ಕೂಟರಿನ ಮೇಲೆ ಕೂತಿದ್ದ, ಶುರು ಮಾಡಿರಲಿಲ್ಲ. ಈಗ ಮಧ್ಯಾಹ್ನ. ಸ್ಕೂಟರ್ ಇಲ್ಲ. ಕಾತ್ರಜಕ್ಕೆ ಹೋದನೋ, ಸುಮ್ಮನೆ ತಿರುಗಲು ಹೋದನೋ ತಿಳಿಯದು. ಅವನು ನನ್ನ ಜೊತೆ ಮತ್ತೆ ಯಾವಾಗ ಮಾತಾಡುತ್ತಾನೆಂದೂ ತಿಳಿಯದು. ಮಾತಾಡು ಎಂದು ಅವನಿಗೆ ನೀವು ಹೇಳಬೇಡಿ. ಅದು ಅವನಿಗೆ ಬಿಟ್ಟದ್ದು.

ಮಗನ ಮೇಲಿನ ಆಸೆಯಿಂದ ಮಾಡಿದೆ ಎಂದು ಬರೆಯಲು ಹೊರಟಿದ್ದೆ. ಹೊಡೆದುಹಾಕಿದೆ. ಆಸೆ ಆ ಗುರುವಾರ ಬೆಳಿಗ್ಗೆಯದು ಮಾತ್ರ. ಮಧ್ಯಾಹ್ನ ಕಿಟಕಿಯಲ್ಲಿ ಹೇಳಿದ್ದು, ಮರುದಿನ ಸಹಿ ಹಾಕಿದ್ದು, ಆಮೇಲಿನ ಹನ್ನೊಂದು ವರ್ಷ — ಅದೆಲ್ಲ ನನ್ನ ಮಾನ ಉಳಿಸಿಕೊಳ್ಳಲು. ನಾಚಿಕೆ ಸ್ವಭಾವದವಳು ಎಂದು ಎಲ್ಲರೂ ನನ್ನನ್ನು ಮಾತಾಡಿಸದೆ ಬಿಟ್ಟರು. ಅದು ನನಗೆ ಬಹಳ ಅನುಕೂಲವಾಯಿತು.

ನಾಳೆ ಹತ್ತಕ್ಕೆ ಕಮಿಟಿಯ ಮುಂದೆ ಹೋಗುತ್ತೇನೆ. ನಿಮ್ಮ ಅಪ್ಪ ಬರಲಿ, ಬಿಡಲಿ. ಪ್ರಸಾದರನ್ನು ಇಟ್ಟುಕೊಳ್ಳಿ ಎಂದು ಕೇಳಲು ನಾನು ಯಾರೂ ಅಲ್ಲ. ನಡೆದದ್ದನ್ನು ಹೇಳಿ ಬರುತ್ತೇನೆ. ದನಿ ಹೊರಡದಿದ್ದರೆ ಇದರದೇ ಇನ್ನೊಂದು ಪ್ರತಿ ಬರೆದಿಟ್ಟಿದ್ದೇನೆ, ಅದನ್ನು ಓದಿಸಲು ಕೊಡುತ್ತೇನೆ. ಅಂದು ನನ್ನ ಸಹಿ ತೆಗೆದುಕೊಂಡ ಆಫೀಸಿಗೂ ಒಂದು ಕಳಿಸುತ್ತೇನೆ. ಅವರು ಓದುತ್ತಾರೋ ಇಲ್ಲವೋ. ಹೋದ ವರ್ಷಗಳನ್ನು ಇದು ಯಾವುದೂ ತಂದುಕೊಡುವುದಿಲ್ಲ, ಗೊತ್ತಿದೆ.

ಈ ಪ್ರತಿ ನಿಮ್ಮದು. ಪ್ರಸಾದ್ ಸರ್ ಬಗ್ಗೆ ಯಾರಾದರೂ ಆ ಹಳೆಯ ಮಾತು ಎತ್ತುತ್ತಾರೆ. ಇವತ್ತಲ್ಲ ನಾಳೆ, ನಾನು ಇಲ್ಲದಾಗ, ಎತ್ತೇ ಎತ್ತುತ್ತಾರೆ. ಆಗ ಸುಮ್ಮನಿರಬೇಡಿ, ಇದನ್ನು ಓದಿ ಹೇಳಿ. ಎಂಟು ಹಾಳೆ ಇವೆ, ಪ್ರತಿಯೊಂದರ ಕೆಳಗೂ ನನ್ನ ಪೂರ್ತಿ ಹೆಸರು ಬರೆದಿದ್ದೇನೆ. ಗೌರಿ, ನೀನು ದೊಡ್ಡವಳು, ನಿನ್ನ ಕಪಾಟಿನಲ್ಲಿಡು. ಶರಣು, ಅಕ್ಕ ಮರೆತರೆ ನೆನಪಿಸು. ನೀರು ತಾಗದಂತೆ, ಒಂದು ಹಾಳೆಯೂ ಕಳೆಯದಂತೆ ಕಾಪಾಡಿ.